ಪರ ಊರಲ್ಲಿ ಒಂದು ರಾತ್ರಿ



ಇವತ್ತು ನಾವು ಮಾತಾಡುವುದು ಒಂದು ಸಣ್ಣ ವಿಷಯ. ಆದರೆ ಎಲ್ಲರ ಕೆಲಸಕ್ಕೂ ಬರುವ ವಿಷಯ. ಪರ ಊರಿಗೆ ಹೋದಾಗ ರಾತ್ರಿ ಎಲ್ಲಿ ಉಳಿಯಬೇಕು? ಕಡಿಮೆ ರೊಕ್ಕದಲ್ಲಿ, ಮರ್ಯಾದೆಯಿಂದ, ಭಯ ಇಲ್ಲದೆ ಹೇಗೆ ಉಳಿಯಬೇಕು?

"ಲಾಡ್ಜು ದೊಡ್ಡವರಿಗೆ ರೀ, ನಮಗ ಯಾಕ?" ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ನಮಗೂ ಬೇಕಾಯಿತು. ಆ ಮಾತು ಮೊದಲು ಹೇಳುತ್ತೇನೆ, ಕೇಳಿ.

ನನ್ನ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಲು ಪಟ್ಟಣಕ್ಕೆ ಕರೆದುಕೊಂಡು ಹೋದೆ. ಆಪರೇಷನ್ ಮುಗಿಯುವಾಗ ಸಂಜೆ ಆಯಿತು. "ನಾಳೆ ಮುಂಜಾನೆ ಬನ್ನಿ, ಪಟ್ಟಿ ಬಿಚ್ಚುತ್ತೇವೆ" ಎಂದರು ಡಾಕ್ಟರು. ನಮ್ಮೂರಿನ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. "ಈ ಹೊತ್ತಿನಾಗ ಎಲ್ಲಿ ಹೋಗೋದವ್ವಾ?" ಎಂದು ಅತ್ತೆ ಕೇಳಿದರು.

ಬಸ್ಟ್ಯಾಂಡಿನ ಎದುರು ಒಂದು ಲಾಡ್ಜಿತ್ತು. ಹೆದರುತ್ತಾ ಒಳಗೆ ಹೋದೆವು. ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡು. ಅದರ ತುಂಬ ಅಕ್ಷರ. ನನಗೆ ಒಂದೂ ಓದಲು ಬರುತ್ತಿರಲಿಲ್ಲ. ಅಲ್ಲಿ ಕೂತವನು "ಮುನ್ನೂರು ರೂಪಾಯಿ" ಎಂದ. ಕೊಟ್ಟೆ. ದೊಡ್ಡ ಪುಸ್ತಕ ಮುಂದೆ ಇಟ್ಟ. ಹೆಬ್ಬೆಟ್ಟು ಒತ್ತಿದೆ. ರಸೀತಿ ಕೇಳಲಿಲ್ಲ. ಕೇಳಬೇಕು ಎಂದು ಗೊತ್ತೇ ಇರಲಿಲ್ಲ.

ಮರುದಿನ ಆಸ್ಪತ್ರೆಗೆ ಹೋಗಿ ಬಂದಾಗ ಹತ್ತು ಗಂಟೆ. "ಇನ್ನೂ ಮುನ್ನೂರು ಕೊಡ್ರಿ" ಎಂದ ಅವನು. "ಯಾಕಪ್ಪಾ, ಒಂದೇ ರಾತ್ರಿ ಇದ್ದೀವಲ್ಲ?" ಎಂದೆ. "ಇಲ್ಲಿ ದಿನ ಮುಂಜಾನೆ ಒಂಬತ್ತಕ್ಕ ಮುಗೀತದ. ಬೋರ್ಡಿನ ಮ್ಯಾಲ ಬರದದ, ನೋಡ್ರಿ" ಎಂದ. ನಮ್ಮ ಚೀಲ, ಹಾಸಿಗೆ ರೂಮಿನಲ್ಲೇ ಇದ್ದವು. ಕಣ್ಣಿನ ಔಷಧಕ್ಕೆ ಇಟ್ಟ ರೊಕ್ಕ ಅವನ ಕೈಗೆ ಹೋಯಿತು.

ಅವನು ನಿಜ ಹೇಳಿದನೋ, ಸುಳ್ಳು ಹೇಳಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬೋರ್ಡು ನನ್ನ ಎದುರಿಗೇ ಇತ್ತು. ಓದಲು ಬರಲಿಲ್ಲ, ಅಷ್ಟೇ. ಅತ್ತೆಯ ಕಣ್ಣಿನ ಪೊರೆ ಹೋಗಿತ್ತು. ನನ್ನದು ಇನ್ನೂ ಉಳಿದಿತ್ತು. ಆಮೇಲೆ ನಾನು ಅಕ್ಷರ ಕಲಿಯಲು ಕೂತೆ.

ಅದಕ್ಕೇ ಈ ಮಾತು ಹೇಳಲು ಬಂದಿದ್ದೇನೆ. ಬೋರ್ಡಿನ ಮೇಲೆ ಕಡಿಮೆ ದರ ಬರೆದ ರೂಮೇ ಅಗ್ಗ ಎಂದು ತಿಳಿಯಬೇಡಿ. ರೊಕ್ಕ ಕೊಡುವ ಮೊದಲು ಓದಿ, ಕೇಳಿ, ಲೆಕ್ಕ ಹಾಕಿ ಹಿಡಿದ ರೂಮೇ ಅಗ್ಗ.

ಮೊದಲು ಬೋರ್ಡು ಓದೋಣ

ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಗಡಿಯ ಊರುಗಳು. 1956ಕ್ಕೆ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಇವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ತೆಲಂಗಾಣದಲ್ಲಿವೆ. ಗಡಿ ಗೆರೆ ಬದಲಾಯಿತು. ಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಆದರೆ ಪೇಟೆಯ ಬೋರ್ಡುಗಳು ಹೆಚ್ಚಾಗಿ ತೆಲುಗು, ಇಂಗ್ಲಿಷ್, ಉರ್ದುವಿನಲ್ಲಿ ಇರುತ್ತವೆ.

ಹೆದರಬೇಡಿ. ಕನ್ನಡ ಅಕ್ಷರ ಬಂದವರಿಗೆ ತೆಲುಗು ಅಕ್ಷರ ಅರ್ಧ ಬಂದ ಹಾಗೆ. 'ರ', 'ಗ', 'ಲ', 'ನ' ಎರಡರಲ್ಲೂ ಹತ್ತಿರ ಹತ್ತಿರ ಒಂದೇ ರೂಪ. 'ಕ', 'ತ', 'ಶ' ಬೇರೆ. ತೆಲುಗಿನ ತಲಕಟ್ಟು ಮಾಸ್ತರರು ಸರಿ ಎಂದು ಹಾಕುವ ಗುರುತಿನ ಹಾಗೆ ಇರುತ್ತದೆ. ಒಂದು ವಾರ ಬಸ್ಸಿನ ಬೋರ್ಡು ನೋಡುತ್ತಾ ಹೋಗಿ. ತಾನೇ ಬರುತ್ತದೆ.

ಈ ಕೆಲವು ತೆಲುಗು ಮಾತು ನೆನಪಿಡಿ. 'ಗದಿ' ಎಂದರೆ ಕೋಣೆ. 'ಅದ್ದೆ' ಎಂದರೆ ಬಾಡಿಗೆ. 'ರೋಜು' ಎಂದರೆ ದಿನ. 'ವೇಡಿ ನೀಳ್ಳು' ಎಂದರೆ ಬಿಸಿ ನೀರು. 'ಖಾಳೀ ಲೇವು' ಎಂದರೆ ರೂಮು ಖಾಲಿ ಇಲ್ಲ. ಉರ್ದುವಿನವರು ಕೋಣೆಗೆ 'ಕಮ್ರಾ' ಎನ್ನುತ್ತಾರೆ, ಬಾಡಿಗೆಗೆ 'ಕಿರಾಯಾ' ಎನ್ನುತ್ತಾರೆ. ಆ ಮಾತು ನಿಮಗೆ ಗೊತ್ತೇ ಇದೆ.

ಇನ್ನೊಂದು ಮಾತು. 'ಹೋಟೆಲ್' ಎಂದು ಬರೆದ ಕಡೆಯೆಲ್ಲ ಮಲಗಲು ರೂಮು ಇರುವುದಿಲ್ಲ. ನಮ್ಮ ಕಡೆ ಹೋಟೆಲ್ ಎಂದರೆ ಚಹಾ, ಇಡ್ಲಿ, ಊಟ. ಮಲಗುವ ಜಾಗಕ್ಕೆ 'ಲಾಡ್ಜ್' ಎಂಬ ಬೋರ್ಡು ನೋಡಿ. ಹೆದ್ದಾರಿಯಲ್ಲಿ ಕೆಲವು ಕಡೆ 'ಮೋಟೆಲ್' ಎಂಬ ಬೋರ್ಡೂ ಇರುತ್ತದೆ. ಮೋಟಾರು, ಹೋಟೆಲ್ ಎರಡೂ ಸೇರಿ ಆದ ಮಾತು ಅದು. 1925ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಹೆಸರಿನ ವಸತಿ ಮೊದಲು ಶುರುವಾಯಿತು. ಕಾರು ಬಾಗಿಲ ಮುಂದೆ ನಿಲ್ಲಿಸಿ, ಒಂದು ರಾತ್ರಿ ಮಲಗಿ, ಮುಂದೆ ಹೋಗುವ ಜಾಗ. ನಮ್ಮಲ್ಲಿ ಆ ಬೋರ್ಡು ಇದ್ದರೆ ಅಗ್ಗ ಎಂದೇನೂ ಅಲ್ಲ. ಕೆಲವು ಕಡೆ ಊಟ ಮಾತ್ರ ಸಿಗುತ್ತದೆ. ಊರಿನಿಂದ ದೂರವೂ ಇರುತ್ತದೆ. ಬಸ್ಸಿನಲ್ಲಿ ಬಂದವರು ಅಲ್ಲಿಗೆ ಹೋಗಿ ಬರಲು ಆಟೋ ಬಾಡಿಗೆ ಕೊಡಬೇಕು.

ಉಳಿಯಲೇಬೇಕೇ?

ರೂಮು ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಉಳಿಯಲೇಬೇಕೇ? ಅಥವಾ ಊರಿಗೆ ಹೋಗಿ ನಾಳೆ ಬರಬಹುದೇ?

2023ರ ಡಿಸೆಂಬರ್ 9ರಿಂದ ತೆಲಂಗಾಣದ ಹೆಣ್ಣುಮಕ್ಕಳಿಗೆ ಆ ರಾಜ್ಯದ ಸರ್ಕಾರಿ ಪಲ್ಲೆ ವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ರೊಕ್ಕ ಇಲ್ಲ. ಇದಕ್ಕೆ ಮಹಾಲಕ್ಷ್ಮಿ ಯೋಜನೆ ಎನ್ನುತ್ತಾರೆ. ತೆಲಂಗಾಣದ ಗುರುತಿನ ಚೀಟಿ ತೋರಿಸಬೇಕು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಅದು ಕರ್ನಾಟಕದ ಹೆಣ್ಣುಮಕ್ಕಳಿಗೆ. ಗಡಿ ದಾಟಿದರೆ ಟಿಕೆಟ್ ತೆಗೆದುಕೊಳ್ಳಬೇಕು. ಜಹೀರಾಬಾದಿನಿಂದ ಬೀದರಿಗೆ ಸುಮಾರು 30 ಕಿಲೋಮೀಟರ್. ಅಷ್ಟು ಹತ್ತಿರ ಇದ್ದರೆ, ಕೊನೆಯ ಬಸ್ಸು ಸಿಕ್ಕರೆ, ಮನೆಗೆ ಹೋಗಿ ಬರುವುದೇ ಅಗ್ಗ. ಬೆಳಿಗ್ಗೆ ಬಸ್ಸು ಇಳಿದ ಕೂಡಲೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಿ. ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಅದನ್ನು ಕೇಳಿರಲಿಲ್ಲ.

ರೋಗಿ ಇದ್ದರೆ, ಚಿಕ್ಕ ಮಗು ಇದ್ದರೆ, ಕತ್ತಲಾಗಿದ್ದರೆ ಮಾತ್ರ ಹಟ ಮಾಡಬೇಡಿ. ಉಳಿಯಿರಿ.

ಲಾಡ್ಜಿಗೆ ಮೊದಲು ಎಲ್ಲಿ ಕೇಳಬೇಕು?

ದಾರಿಹೋಕರಿಗೆ ಜಾಗ ಕೊಡುವುದು ನಮ್ಮ ನಾಡಿನಲ್ಲಿ ಹಳೆಯ ರೂಢಿ. ಸಾವಿರಾರು ವರ್ಷದ ಹಿಂದೆ ಅಶೋಕ ಚಕ್ರವರ್ತಿ ದಾರಿಯಲ್ಲಿ ಬಾವಿ ತೋಡಿಸಿದೆ, ತಂಗುಮನೆ ಕಟ್ಟಿಸಿದೆ ಎಂದು ಕಲ್ಲಿನ ಮೇಲೆ ಬರೆಸಿದ್ದಾನೆ. ನಮ್ಮ ಹಿರಿಯರು ಅರವಟ್ಟಿಗೆ ಇಟ್ಟರು, ಛತ್ರ ಕಟ್ಟಿದರು. ಮಠಗಳಲ್ಲಿ ದಾಸೋಹ ನಡೆಸಿದರು. ಅದು ಇನ್ನೂ ಪೂರ್ತಿ ಹೋಗಿಲ್ಲ.

ಜಹೀರಾಬಾದಿನ ಹತ್ತಿರ ಝರಾಸಂಗಮ ಇದೆ. ಅಲ್ಲಿ ಕೇತಕಿ ಸಂಗಮೇಶ್ವರನ ಗುಡಿ. ಬೀದರ, ಕಲಬುರಗಿ ಕಡೆಯಿಂದ ಕನ್ನಡದ ಭಕ್ತರು ಬಹಳ ಬರುತ್ತಾರೆ. ಇಂಥ ಗುಡಿಗೆ ಹೋದಾಗ ಮೊದಲು ದೇವಸ್ಥಾನದ ಕಚೇರಿಯಲ್ಲಿ ಕೇಳಿ. "ಯಾತ್ರಿಕರಿಗೆ ಕೋಣೆ ಅದಾವೇನ್ರಿ? ಎಷ್ಟು ಕೊಡಬೇಕ್ರಿ?" ಎಂದು ಕೇಳಲು ನಾಚಿಕೆ ಬೇಡ. ಶಿವರಾತ್ರಿ ಜಾತ್ರೆಯ ಹೊತ್ತಿನಲ್ಲಿ ಮಾತ್ರ ಜಾಗ ಸಿಗುವುದು ಕಷ್ಟ. ಆಗ ಹೊರಗಿನ ರೂಮಿನ ಬಾಡಿಗೆಯೂ ಏರುತ್ತದೆ. ಜಾತ್ರೆಯ ಹಿಂದಿನ ವಾರ ಅಥವಾ ಮುಂದಿನ ವಾರ ಹೋದರೆ ದೇವರೂ ಸಿಗುತ್ತಾನೆ, ಕೋಣೆಯೂ ಸಿಗುತ್ತದೆ.

ಬೀದರಿನಲ್ಲಿ ನಾನಕ್ ಝೀರಾ ಸಾಹಿಬ್ ಗುರುದ್ವಾರ ಇದೆ. ಅಲ್ಲಿ ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಊಟ ಹಾಕುತ್ತಾರೆ. ಅದಕ್ಕೆ ಲಂಗರ್ ಎನ್ನುತ್ತಾರೆ. ಯಾತ್ರಿಕರಿಗೆ ಉಳಿಯುವ ವ್ಯವಸ್ಥೆಯೂ ಇದೆ. ಒಳಗೆ ಹೋಗುವಾಗ ತಲೆಗೆ ಬಟ್ಟೆ ಹಾಕಿಕೊಳ್ಳಬೇಕು. ಬೀಡಿ, ತಂಬಾಕು ಒಯ್ಯಬಾರದು. ಯಾರ ಮನೆಗೆ ಹೋದರೆ ಅವರ ನಡೆ ನಡೆಯಬೇಕಲ್ಲ?

ರೈಲಿನಲ್ಲಿ ಹೋಗುವವರು ಇನ್ನೊಂದು ತಿಳಿದಿರಿ. ತಾಂಡೂರು ವಿಕಾರಾಬಾದ್–ವಾಡಿ ರೈಲು ದಾರಿಯಲ್ಲಿದೆ. ಜಹೀರಾಬಾದ್ ವಿಕಾರಾಬಾದ್–ಬೀದರ ದಾರಿಯಲ್ಲಿದೆ. ನಾರಾಯಣಖೇಡಕ್ಕೆ ರೈಲಿಲ್ಲ, ಬಸ್ಸೇ ಗತಿ. ದೊಡ್ಡ ರೈಲು ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮು ಇರುತ್ತವೆ. ಕೆಲವು ಕಡೆ ಡಾರ್ಮಿಟರಿಯೂ ಇರುತ್ತದೆ. ಡಾರ್ಮಿಟರಿ ಎಂದರೆ ಒಂದು ದೊಡ್ಡ ಕೋಣೆಯಲ್ಲಿ ಹಲವು ಮಂಚ. ಒಂದು ಮಂಚಕ್ಕೆ ಇಷ್ಟು ಎಂದು ಬಾಡಿಗೆ. ಇದು ರೂಮಿಗಿಂತ ಅಗ್ಗ. ಇವನ್ನು ಹಿಡಿಯಲು ಸೀಟು ಖಾತ್ರಿಯಾದ ಟಿಕೆಟ್ ಬೇಕು. ಅದರ ಮೇಲೆ 10 ಅಂಕಿಗಳ ಪಿಎನ್‌ಆರ್ ನಂಬರು ಇರುತ್ತದೆ. ಟಿಕೆಟ್ ಎಸೆಯಬೇಡಿ.

ಆಸ್ಪತ್ರೆಗೆ ಹೋದವರು ಅಲ್ಲಿಯೇ ಕೇಳಿ. ರೋಗಿಯ ಕಡೆಯವರು ಉಳಿಯಲು ಕೆಲವು ದೊಡ್ಡ ಆಸ್ಪತ್ರೆಗಳ ಹತ್ತಿರ ಧರ್ಮಶಾಲೆ ಅಥವಾ ರಾತ್ರಿ ವಸತಿ ಇರುತ್ತದೆ. ನರ್ಸಮ್ಮನವರನ್ನು ಕೇಳಿದರೆ ಹೇಳುತ್ತಾರೆ.

ರೊಕ್ಕ ಕೊಡುವ ಮೊದಲು ಐದು ಪ್ರಶ್ನೆ

ಇದೆಲ್ಲ ಆಗದಿದ್ದರೆ ಲಾಡ್ಜಿಗೆ ಹೋಗಿ. ಹೋದ ಕೂಡಲೆ ರೊಕ್ಕ ತೆಗೆಯಬೇಡಿ. ಮೊದಲು ಐದು ಪ್ರಶ್ನೆ ಕೇಳಿ.

ಒಂದನೇ ಪ್ರಶ್ನೆ: ನಿಮ್ಮಲ್ಲಿ ದಿನ ಯಾವಾಗ ಮುಗಿಯುತ್ತದೆ?

ನಾನು ಸೋತದ್ದು ಇಲ್ಲೇ. ಕೆಲವು ಲಾಡ್ಜಿನಲ್ಲಿ 24 ಗಂಟೆಯ ಲೆಕ್ಕ. ರಾತ್ರಿ 8ಕ್ಕೆ ಬಂದರೆ ಮರುದಿನ ರಾತ್ರಿ 8ರ ತನಕ ಇರಬಹುದು. ಕೆಲವು ಕಡೆ ಮಧ್ಯಾಹ್ನ 12ಕ್ಕೆ ದಿನ ಮುಗಿಯುತ್ತದೆ. ರಾತ್ರಿ 8ಕ್ಕೆ ಬಂದವರಿಗೆ 16 ಗಂಟೆ ಮಾತ್ರ ಸಿಗುತ್ತದೆ. ಇನ್ನು ಕೆಲವು ಕಡೆ ಮುಂಜಾನೆ 9ಕ್ಕೇ ಮುಗಿಯುತ್ತದೆ. ಆಗ ಸಿಗುವುದು 13 ಗಂಟೆ. ರೊಕ್ಕ ಮಾತ್ರ ಒಂದು ದಿನದ್ದು. ಬೋರ್ಡಿನಲ್ಲಿ 'ಚೆಕ್ ಔಟ್' ಎಂದು ಬರೆದಿರುತ್ತದೆ. ಅದರ ಮುಂದಿನ ಅಂಕಿ ಓದಿ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಚೀಲ ತೆಗೆದುಕೊಂಡೇ ರೂಮು ಬಿಟ್ಟುಬಿಡಿ.

ಎರಡನೇ ಪ್ರಶ್ನೆ: ಈ ಬಾಡಿಗೆ ಎಷ್ಟು ಜನಕ್ಕೆ?

ಒಬ್ಬರಿಗೆ ಒಂದು ದರ, ಇಬ್ಬರಿಗೆ ಒಂದು ದರ ಇರಬಹುದು. ಮೂರನೆಯವರಿಗೆ ಹಾಸಿಗೆ ಬೇಕಾದರೆ ಬೇರೆ ರೊಕ್ಕ ಕೇಳಬಹುದು. ಮಕ್ಕಳ ಲೆಕ್ಕವನ್ನೂ ಕೇಳಿಕೊಳ್ಳಿ.

ಮೂರನೇ ಪ್ರಶ್ನೆ: ಬಾಡಿಗೆಯಲ್ಲಿ ಏನೇನು ಸೇರಿದೆ?

ಬಿಸಿ ನೀರು ಸಿಗುತ್ತದೆಯೇ? ಎಷ್ಟು ಗಂಟೆಗೆ? ಬಕೀಟಿಗೆ ಬೇರೆ ರೊಕ್ಕವೇ? ಹೊದಿಕೆ ಇದೆಯೇ? ಪಾಯಿಖಾನೆ ರೂಮಿನೊಳಗೆ ಇದೆಯೋ, ಹೊರಗೆ ಇದೆಯೋ?

ನಾಲ್ಕನೇ ಪ್ರಶ್ನೆ: ತೆರಿಗೆ ಸೇರಿ ಎಷ್ಟು?

ದಿನಕ್ಕೆ 7,500 ರೂಪಾಯಿ ತನಕ ಇರುವ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆರಿಗೆ ನೂರಕ್ಕೆ 5 ರೂಪಾಯಿ. ಅದಕ್ಕೆ ಮೊದಲು ನೂರಕ್ಕೆ 12 ಇತ್ತು. 600 ರೂಪಾಯಿ ರೂಮಿಗೆ 30 ರೂಪಾಯಿ ತೆರಿಗೆ ಆಯಿತು. ವರ್ಷದ ವ್ಯಾಪಾರ 20 ಲಕ್ಷ ರೂಪಾಯಿ ದಾಟದ ಸಣ್ಣ ಲಾಡ್ಜಿನವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ಈ ತೆರಿಗೆ ಕೇಳುವ ಹಾಗಿಲ್ಲ. ಕೇಳಿದರೆ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರು ನೋಡಿ. ಅಕ್ಷರ, ಅಂಕಿ ಸೇರಿ 15 ಇರುತ್ತವೆ. ತೆಲಂಗಾಣದ್ದು 36ರಿಂದ ಶುರು. ಕರ್ನಾಟಕದ್ದು 29ರಿಂದ ಶುರು.

ಐದನೇ ಪ್ರಶ್ನೆ: ರಸೀತಿ ಕೊಡುತ್ತೀರಾ?

ಮುಂಗಡ ಕೊಟ್ಟರೂ ರಸೀತಿ ಬೇಕು. ಅದರಲ್ಲಿ ತಾರೀಖು, ಬಂದ ಗಂಟೆ, ಕೊಟ್ಟ ರೊಕ್ಕ ಬರೆದಿದೆಯೇ ಎಂದು ನಿಂತಲ್ಲೇ ಓದಿ. ರಸೀತಿ ಕೈಯಲ್ಲಿದ್ದರೆ ಮರುದಿನ ಜಗಳ ಇಲ್ಲ.

ಒಂದು ಲೆಕ್ಕ ಹಾಕೋಣ

ಇದು ಉದಾಹರಣೆಗೆ ಮಾತ್ರ. ಗಂಡ, ಹೆಂಡತಿ ಇಬ್ಬರೂ ಆಸ್ಪತ್ರೆ ಕೆಲಸಕ್ಕೆ ಬಂದಿದ್ದಾರೆ. ಅವರ ಮುಂದೆ ಎರಡು ಲಾಡ್ಜು ಇವೆ.

ಮೊದಲನೆಯದು ಊರ ಹೊರಗೆ, ಹೆದ್ದಾರಿಯಲ್ಲಿ. ಒಬ್ಬರಿಗೆ 600 ರೂಪಾಯಿ. ಎರಡನೆಯವರಿಗೆ 150. ಎರಡು ಬಕೀಟು ಬಿಸಿ ನೀರಿಗೆ 40. ಹೋಗಿ ಬರಲು ಆಟೋಗೆ 100. ಎಲ್ಲ ಕೂಡಿದರೆ 890 ರೂಪಾಯಿ.

ಎರಡನೆಯದು ಆಸ್ಪತ್ರೆಯ ಹತ್ತಿರ. ಇಬ್ಬರಿಗೂ ಸೇರಿ 750 ರೂಪಾಯಿ. ಬಿಸಿ ನೀರು ಅದರಲ್ಲೇ ಬಂತು. ನಡೆದು ಹೋಗಬಹುದು.

ಬೋರ್ಡು ನೋಡಿದರೆ ಮೊದಲನೆಯದು ಅಗ್ಗ. ಕೂಡಿಸಿ ನೋಡಿದರೆ ಎರಡನೆಯದರಲ್ಲಿ 140 ರೂಪಾಯಿ ಉಳಿಯಿತು. ಕೂಡುವ ಲೆಕ್ಕ ನಾವು ಯಾಕೆ ಕಲಿತೆವು? ಇದಕ್ಕೇ ಕಲಿತೆವು.

ಬಾಡಿಗೆ ಕಡಿಮೆ ಮಾಡಿ ಎಂದು ಕೇಳುವುದು ತಪ್ಪಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತೇವೆ, ರೂಮಿಗೆ ಯಾಕೆ ಮಾಡಬಾರದು? "ರಾತ್ರಿ ಬಂದೀವಿ, ಮುಂಜಾನೆ ಹೋಗ್ತೀವಿ. ಸ್ವಲ್ಪ ನೋಡಿ ಹೇಳ್ರಿ" ಎನ್ನಿ. ರೂಮು ಖಾಲಿ ಇದ್ದರೆ ಇಳಿಸುತ್ತಾರೆ. ಮದುವೆ, ಜಾತ್ರೆ, ಪರೀಕ್ಷೆಯ ಕಾಲದಲ್ಲಿ ಇಳಿಸುವುದಿಲ್ಲ.

ರೂಮು ನೋಡಿ ಒಪ್ಪಿಕೊಳ್ಳಿ

ರೊಕ್ಕ ಕೊಡುವ ಮೊದಲು ರೂಮು ತೋರಿಸಿ ಎನ್ನಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಹಾಕಿ ನೋಡಿ. ಕಿಟಕಿ ಮುಚ್ಚುತ್ತದೆಯೇ? ನಲ್ಲಿ ತಿರುವಿ ನೋಡಿ, ನೀರು ಬರುತ್ತದೆಯೇ? ಹಾಸಿಗೆ ಬಟ್ಟೆ ಒಗೆದದ್ದೇ? ಬೆಂಕಿ ಬಿದ್ದರೆ ಯಾವ ಮೆಟ್ಟಿಲಿನಿಂದ ಇಳಿಯಬೇಕು? ನೋಡಿಟ್ಟುಕೊಳ್ಳಿ. ಮನಸ್ಸಿಗೆ ಬರದಿದ್ದರೆ "ಬ್ಯಾಡ್ರಿ" ಎಂದು ಹೊರಗೆ ಬನ್ನಿ. ನೋಡಿದ್ದಕ್ಕೆ ರೊಕ್ಕ ಇಲ್ಲ.

ಅಕ್ಕ ತಂಗಿಯರಿಗೆ ಒಂದು ಮಾತು. ಹೆಣ್ಣುಮಗಳು ಒಬ್ಬಳೇ ಬಂದರೆ ರೂಮು ಇಲ್ಲ ಎನ್ನುವವರೂ ಇದ್ದಾರೆ. ಹಾಗೆ ಕೊಡಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ತಲೆ ತಗ್ಗಿಸಬೇಡಿ. ಕುಟುಂಬದವರು ಉಳಿಯುವ ಲಾಡ್ಜು ಯಾವುದು ಎಂದು ಔಷಧ ಅಂಗಡಿಯಲ್ಲಿ ಅಥವಾ ಬಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೇಳಿ. ಆಟೋದವರು ತೋರಿಸಿದ ಕಡೆಗೇ ಹೋಗಬೇಕೆಂದಿಲ್ಲ. ಕೆಲವರಿಗೆ ಲಾಡ್ಜಿನಿಂದ ಕಮಿಷನ್ ಸಿಗುತ್ತದೆ. ಅದೂ ನಮ್ಮ ಬಾಡಿಗೆಯಲ್ಲೇ ಸೇರುತ್ತದೆ. ಎಲ್ಲಿ ಉಳಿದಿದ್ದೀರಿ ಎಂದು ಮನೆಗೆ ಫೋನ್ ಮಾಡಿ ಲಾಡ್ಜಿನ ಹೆಸರು ಹೇಳಿ. ತೊಂದರೆಯಾದರೆ ಪೊಲೀಸರಿಗೆ 112. ಮಹಿಳೆಯರ ಸಹಾಯಕ್ಕೆ 181.

ಗುರುತಿನ ಚೀಟಿ ಮತ್ತು ಫೋನು

ಲಾಡ್ಜಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಯಾವುದಾದರೂ ಒಂದು ಒಯ್ಯಿರಿ. ಅಸಲು ಚೀಟಿ ತೋರಿಸಿ ವಾಪಸು ತೆಗೆದುಕೊಳ್ಳಿ. ಅವರ ಹತ್ತಿರ ಬಿಡಬೇಡಿ. ಝೆರಾಕ್ಸ್ ಕೊಟ್ಟರೆ ಅದರ ಮೇಲೆ 'ರೂಮಿಗೆ ಮಾತ್ರ' ಎಂದು ಬರೆದು ತಾರೀಖು ಹಾಕಿ. ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಕೂಡ ಇದೆ. ಅದಕ್ಕೆ ಮಾಸ್ಕ್ಡ್ ಆಧಾರ್ ಎನ್ನುತ್ತಾರೆ. ಮಕ್ಕಳಿಗೆ ಹೇಳಿದರೆ ಫೋನಿನಲ್ಲಿ ತೆಗೆದುಕೊಡುತ್ತಾರೆ.

ಈಗ ಫೋನಿನಲ್ಲೇ ರೂಮು ಹಿಡಿಯುವವರು ಇದ್ದಾರೆ. ಅಲ್ಲಿ ಒಮ್ಮೊಮ್ಮೆ ಅಗ್ಗವಾಗಿಯೂ ಸಿಗುತ್ತದೆ. ಆದರೆ ಮೋಸವೂ ಇದೆ. ಫೋಟೋ ಒಂದು, ರೂಮು ಒಂದು ಇರಬಹುದು. ಲಾಡ್ಜೇ ಇಲ್ಲದಿರಬಹುದು. ಗುರುತಿಲ್ಲದ ನಂಬರಿಗೆ ಮುಂಗಡ ಕಳಿಸಬೇಡಿ. ಓಟಿಪಿ ಯಾರಿಗೂ ಹೇಳಬೇಡಿ. ರೊಕ್ಕ ವಾಪಸು ಬರುತ್ತದೆ, ಪಿನ್ ಒತ್ತಿ ಎಂದರೆ ಒತ್ತಬೇಡಿ. ಪಿನ್ ಒತ್ತುವುದು ರೊಕ್ಕ ಕೊಡಲು, ತೆಗೆದುಕೊಳ್ಳಲು ಅಲ್ಲ. ಮೋಸ ಆದ ಕೂಡಲೆ 1930ಕ್ಕೆ ಫೋನ್ ಮಾಡಿ. ಬಿಲ್ಲಿನ ತಕರಾರು ಇದ್ದರೆ ಗ್ರಾಹಕರ ಸಹಾಯವಾಣಿ 1915.

ಪುಸ್ತಕದಲ್ಲಿ ನಿಮ್ಮ ಹೆಸರು

ಕೊನೆಗೆ ಆ ದೊಡ್ಡ ಪುಸ್ತಕ ನಿಮ್ಮ ಮುಂದೆ ಬರುತ್ತದೆ. ಅದರಲ್ಲಿ ಮನೆಮನೆ ಗೆರೆ ಎಳೆದಿರುತ್ತದೆ. ಹೆಸರು. ಊರು. ಜೊತೆಗೆ ಎಷ್ಟು ಜನ. ಬಂದ ತಾರೀಖು, ಗಂಟೆ. ಹೋಗುವ ತಾರೀಖು. ಫೋನ್ ನಂಬರು. ಕೊಟ್ಟ ರೊಕ್ಕ. ಸಹಿ.

"ನೀವು ಹೇಳ್ರಿ, ನಾನೇ ಬರಕೋತೀನಿ" ಎಂದು ಅಲ್ಲಿ ಕೂತವರು ಅನ್ನಬಹುದು. "ಬ್ಯಾಡ್ರಿ, ನಾನೇ ಬರೀತೀನಿ" ಎನ್ನಿ. ಕನ್ನಡದಲ್ಲೇ ಬರೆಯಿರಿ. ಕನ್ನಡದ ಸಹಿಯೂ ಸಹಿಯೇ. ನಿಧಾನ ಆದರೆ ಆಗಲಿ. ಹಿಂದೆ ನಿಂತವರು ಕಾಯಲಿ. ಬಂದ ಗಂಟೆ ಮತ್ತು ಕೊಟ್ಟ ರೊಕ್ಕ ಸರಿ ಇದೆಯೇ ಎಂದು ಓದಿ, ಆಮೇಲೆ ಸಹಿ ಹಾಕಿ. ಖಾಲಿ ಮನೆ ಬಿಟ್ಟು ಸಹಿ ಹಾಕಬೇಡಿ.

ಹೋದ ವರ್ಷ ಅತ್ತೆಯ ಇನ್ನೊಂದು ಕಣ್ಣು ತೋರಿಸಲು ಮತ್ತೆ ಹೋಗಿದ್ದೆವು. ಮತ್ತೆ ರಾತ್ರಿ ಉಳಿಯಬೇಕಾಯಿತು. ಈ ಸಲ ಬೇರೆ ಲಾಡ್ಜು. ನಾನು ಬೋರ್ಡಿನ ಮುಂದೆ ನಿಂತೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ಇಲ್ಲಿ 24 ಗಂಟಿ ಲೆಕ್ಕ ಅದ ಅತ್ತಿ, ಅವಸರ ಇಲ್ಲ" ಎಂದೆ. ಅತ್ತೆ ಕುರ್ಚಿಯಲ್ಲಿ ಕೂತು ಚೀಲ ಕೆಳಗಿಟ್ಟರು. ನಾನು ಪುಸ್ತಕದಲ್ಲಿ ಮೊದಲು ಅವರ ಹೆಸರು ಬರೆದೆ. ಆಮೇಲೆ ನನ್ನ ಹೆಸರು ಬರೆದೆ. ರಸೀತಿ ಮಡಚಿ ಅವರ ಕೈಗೆ ಕೊಟ್ಟೆ.

ಈ ವಾರ ನಿಮಗೆ ಒಂದು ಕೆಲಸ ಕೊಡುತ್ತೇನೆ. ಪೇಟೆಗೆ ಹೋದಾಗ ಬಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜಿನ ಬೋರ್ಡು ಓದಿ. ರೂಮು ಹಿಡಿಯಬೇಕಿಲ್ಲ. ಓದಿದರೆ ಸಾಕು. ದರ ಎಷ್ಟು, ಚೆಕ್ ಔಟ್ ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದು ತನ್ನಿ. ಮುಂದಿನ ವಾರ ಎಲ್ಲರ ಚೀಟಿ ಕೂಡಿಸಿ ಓದೋಣ. ಯಾವ ಊರಲ್ಲಿ, ಯಾವ ಬೀದಿಯಲ್ಲಿ ಕಡಿಮೆ ಖರ್ಚಿನಲ್ಲಿ ಉಳಿಯಬಹುದು ಎಂಬ ಪಟ್ಟಿ ನಮ್ಮದೇ ಕೈಬರಹದಲ್ಲಿ ತಯಾರಾಗುತ್ತದೆ. ನಾಳೆ ಯಾರ ಮನೆಯಲ್ಲಿ ಯಾರಿಗೆ ಅದು ಬೇಕಾಗುತ್ತದೋ, ಯಾರಿಗೆ ಗೊತ್ತು?